ಥ್ಯಾಂಕ್‌ಫುಲ್ ಟಿಲ್ಸನ್‌ಳ ಕವಲು

ನಾರ್ತ್ ವೇರಿಂಗ್, ಮ್ಯಾಸಚೂಸೆಟ್ಸ್
ಅಕ್ಟೋಬರ್ 11, 1953

ತಂಗಿ ಆಲ್ಟಾಗೆ,

ನಿನ್ನ ಕಾಗದ ಮಂಗಳವಾರ ಬಂತು. ‘ಟಿಲ್ಸನ್ ವಂಶದ ವಿಷಯ ತಿಳಿದವರಿಗೆ, ನಾರ್ತ್ ವೇರಿಂಗ್’ ಎಂದು ವಿಳಾಸ ಬರೆದಿದ್ದೆಯಲ್ಲ, ಅಂಚೆಯವನು ಅದನ್ನು ನನ್ನ ಕೈಗೆ ಕೊಡುತ್ತಾ, “ತಿಳಿದವರು ಯಾರೂ ಇಲ್ಲ ಅಂತ ವಾಪಸ್ ಕಳಿಸೋಣ ಅಂತಿದ್ದೆ, ಪಾಪ ಅನ್ನಿಸ್ತು” ಎಂದ. ನಿನ್ನ ಅಜ್ಜಿಯ ಅಜ್ಜಿ ನಮ್ಮೂರಿನ ಟಿಲ್ಸನ್ ಮನೆಯ ಮಗಳು ಎಂದು ಬರೆದಿದ್ದೀಯ. ಹಾಗಾದರೆ ನೀನು ನನಗೆ ತಂಗಿಯೇ ಆದೆ. ತಂಗಿಗೆ ‘ನೀವು’ ಎಂದು ಬರೆಯಲು ನನ್ನ ಕೈ ಒಪ್ಪುವುದಿಲ್ಲ. ತಪ್ಪು ತಿಳಿಯಬೇಡ.

ನಾನು ಎಬೆನ್ ಟಿಲ್ಸನ್. ಎಪ್ಪತ್ತೈದು ತುಂಬಿದೆ, ಮದುವೆಯಾಗಲಿಲ್ಲ. ಓದಿದ್ದು ಎಂಟನೇ ತರಗತಿ. ಜೀವಮಾನವೆಲ್ಲ ಮನೆಮನೆಗೆ ಹಾಲು ಹಾಕಿದೆ, ಮೊದಲು ಕುದುರೆ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ. ಅದನ್ನು ಬಿಟ್ಟ ಮೇಲೆ ಮೂರು ಚಳಿಗಾಲದಿಂದ ಸತ್ತವರ ಮನೆಗಳಿಗೆ ಹೋಗುತ್ತಿದ್ದೇನೆ. ಹಾಲು ಹುಳಿಯಾಗಿದೆ ಎಂದು ಅವರು ಜಗಳ ತೆಗೆಯುವುದಿಲ್ಲ.

ಗೋಡೆಗೆ ಅಂಟಿಸಿ ಉಳಿದ ಹೂವಿನ ಕಾಗದದ ಬೆನ್ನ ಮೇಲೆ ವಂಶವೃಕ್ಷವನ್ನು ಬರೆಯುತ್ತಿದ್ದೇನೆ. ಅಷ್ಟು ಉದ್ದದ ಹಾಳೆ ಬೇರೆಲ್ಲೂ ಸಿಗಲಿಲ್ಲ. ನಡುಮನೆಯಲ್ಲಿ ಹಾಸಿ ನಾಲ್ಕು ಮೂಲೆಗೂ ಇಸ್ತ್ರಿಪೆಟ್ಟಿಗೆ ಹೇರಿದ್ದೇನೆ. ಇಂಗ್ಲೆಂಡಿನ ಕೆಂಟ್ ಸೀಮೆಯಿಂದ 1635ರಲ್ಲಿ ಹಡಗು ಹತ್ತಿ ಬಂದ ನಮ್ಮ ಮೂಲಪುರುಷ ಗೈಲ್ಸ್ ಟಿಲ್ಸನ್ ಕಿಟಕಿಯ ಕೆಳಗಿದ್ದಾನೆ. ಅವನ ಮರಿಮಕ್ಕಳು ಒಲೆಯ ತನಕ ಬಂದಿದ್ದಾರೆ. ನನ್ನ ಜೊತೆಗಿರುವವಳು ಲೊವೀನಾ ಅಕ್ಕ. ಗಂಡ ಹೋದ ಮೇಲೆ ಮನೆಗೆ ಬಂದಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. “ನಿನ್ನ ಮುತ್ತಜ್ಜಂದಿರನ್ನ ತುಳೀದೆ ನಾನು ಕಾಫಿ ತರೋದು ಹ್ಯಾಗೆ?” ಎಂದು ದಿನಾ ಕೇಳುತ್ತಾಳೆ.

ಪ್ರತಿ ಆಗಸ್ಟ್‌ನಲ್ಲಿ ನಮ್ಮ ಕೆಳಗಿನ ಹುಲ್ಲುಗಾವಲಿನಲ್ಲಿ ಟಿಲ್ಸನ್ನರೆಲ್ಲ ಸೇರುತ್ತೇವೆ. ಊಟದ ನಂತರ ಒಬ್ಬರು ಗೈಲ್ಸ್‌ನಿಂದ ಹಿಡಿದು ಹೆಸರುಗಳನ್ನು ಓದುತ್ತಾರೆ. ತಮ್ಮ ಕವಲಿನ ಹೆಸರು ಬಂದಾಗ ಆ ಕವಲಿನವರು ಎದ್ದು ನಿಲ್ಲುತ್ತಾರೆ. ಕೈಮಗುವಿದ್ದರೆ ಎತ್ತಿ ತೋರಿಸುತ್ತಾರೆ. ಮುಂದಿನ ವರ್ಷ ಓದುವವನು ನಾನು. ಹಾಳೆಯಲ್ಲಿ ಹೆಸರಿದ್ದವರು ಮಾತ್ರ ಏಳಬೇಕೆಂಬುದು ಹಳೆಯ ಕಟ್ಟುನಿಟ್ಟು.

ನೀನು ಹೇಳುವ ಥ್ಯಾಂಕ್‌ಫುಲ್ ಗಿರಣಿ ಹಳ್ಳದ ನಥಾನ್ ಟಿಲ್ಸನ್ನನ ಮಗಳಿರಬೇಕು. ಅವನಿಗೆ ಸೈಲೆನ್ಸ್ ಎಂಬ ಇನ್ನೊಬ್ಬ ಮಗಳಿದ್ದಳು. ಹೆಸರೇನೋ ಮೌನ, ಆದರೆ ಮೂವರು ಗಂಡಂದಿರನ್ನು ಮಾತಿನಲ್ಲೇ ಸುಸ್ತು ಮಾಡಿದಳಂತೆ. ಹಿಮ ಬೀಳುವುದರೊಳಗೆ ಗಿರಣಿಯ ಹಿಂದಿನ ಸಮಾಧಿಗಳನ್ನು ನೋಡಿಬಿಡುತ್ತೇನೆ. ಅಕ್ಕನ ಕನ್ನಡಿ ಒಯ್ದು ಬಿಸಿಲನ್ನು ಓರೆಯಾಗಿ ಹಾಯಿಸಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಅವಳು ಮುಖ ನೋಡಿಕೊಳ್ಳುವುದು ಈಗ ಕಡಿಮೆ.

ನಿನ್ನ ಅಣ್ಣ,
ಎಬೆನ್


ಕ್ಲೇ ಫೋರ್ಕ್, ಅಯೋವಾ
ಅಕ್ಟೋಬರ್ 25, 1953

ಎಬೆನ್ ಅಣ್ಣನವರಿಗೆ,

‘ತಂಗಿ’ ಎಂಬ ಪದವನ್ನು ಎಷ್ಟು ಸಲ ಓದಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ನನಗೆ ಅರವತ್ತೊಂದು. ನಮ್ಮೂರ ಟೆಲಿಫೋನ್ ಬೋರ್ಡು ನನ್ನ ಕೈಯಲ್ಲಿದೆ. ಯಾರು ಯಾರಿಗೆ ಮಾತಾಡಬೇಕಾದರೂ ನಾನು ತಂತಿ ಚುಚ್ಚಬೇಕು. ಹಾಗಾಗಿ ಇಂದು ಬೆಳಿಗ್ಗೆ ಯಾರು ಕರೆ ಮಾಡಿದರೂ ಮೊದಲು ನಿಮ್ಮ ಕಾಗದದ ಸುದ್ದಿ, ಆಮೇಲೆ ಅವರ ನಂಬರು.

ನಾನು ತಾಯಿತಂದೆಗೆ ಒಬ್ಬಳೇ ಮಗಳು. ಮಕ್ಕಳಿಲ್ಲ. ನನ್ನ ಗಂಡ ಅಲ್ಬಿನ್ ಲಿಂಡ್ ತೀರಿಕೊಂಡು ಆರು ವರ್ಷವಾಯಿತು. ಲಿಂಡ್ ಮನೆಯವರು ಸ್ವೀಡನ್ನಿನಿಂದ ಬಂದವರು, ಕ್ರಿಸ್‌ಮಸ್‌ಗೆ ನಲವತ್ತು ಜನ ಸೇರುತ್ತಾರೆ, ಈಗಲೂ ನನ್ನನ್ನು ಕರೆಯುತ್ತಾರೆ. ಒಳ್ಳೆಯ ಜನ. ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವಾಗ ಮಾತ್ರ ಕ್ಯಾಮೆರಾ ನನ್ನ ಕೈಗೆ ಬರುತ್ತದೆ. ಅವರೇನೂ ಕೆಟ್ಟ ಮನಸ್ಸಿನಿಂದ ಕೊಡುವುದಿಲ್ಲ, ನನ್ನ ಕೈ ನಡುಗುವುದಿಲ್ಲವೆಂದು ಕೊಡುತ್ತಾರೆ.

ಚಿಕ್ಕವಳಿದ್ದಾಗ ಅಜ್ಜಿ ಜಡೆ ಹೆಣೆಯುತ್ತಾ ನನಗೆ ಬಾಯಿಪಾಠ ಮಾಡಿಸಿದ್ದಳು: ‘ನಾರ್ತ್ ವೇರಿಂಗ್‌ನ ಥ್ಯಾಂಕ್‌ಫುಲ್ ಟಿಲ್ಸನ್, ಜಾಬ್ ರಡ್‌ನ ಹೆಂಡತಿ, ಎತ್ತಿನ ಗಾಡಿಯಲ್ಲಿ ಒಹಾಯೋಕ್ಕೆ ಬಂದವಳು.’ ತಪ್ಪಿದರೆ ಜಡೆ ಜಗ್ಗುತ್ತಿದ್ದಳು. ನನ್ನ ತವರಿನ ಆಸ್ತಿಯೆಂದರೆ ಅದೊಂದು ಸಾಲು. ಅದನ್ನು ನಿಮ್ಮ ಹಾಳೆಯಲ್ಲಿ ಹಾಕಲು ಸಾಧ್ಯವಾದರೆ ಆಗಸ್ಟ್‌ಗೆ ಬರುತ್ತೇನೆ. ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ? ಮಂಡಿ ನೋವಿದೆ. ಅಭ್ಯಾಸ ಮಾಡಿಕೊಳ್ಳುತ್ತೇನೆ.

ಲೊವೀನಾ ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ತಂಗಿ,
ಆಲ್ಟಾ


ನಾರ್ತ್ ವೇರಿಂಗ್
ಜನವರಿ 17, 1954

ಶ್ರೀಮತಿ ಆಲ್ಟಾ ಲಿಂಡ್ ಅವರಿಗೆ,

ಕ್ರಿಸ್‌ಮಸ್‌ಗೆ ತಾವು ಕಳಿಸಿದ ಶುಭಾಶಯ ಪತ್ರ ತಲುಪಿತು. ಉತ್ತರ ತಡವಾಯಿತು, ಕ್ಷಮಿಸಬೇಕು. ಇಲ್ಲಿ ಹಿಮ ಜೋರಾಗಿದೆ. ದನದ ಕೊಟ್ಟಿಗೆಯ ಸೂರು ಒಂದು ಕಡೆ ಕುಸಿಯಿತು. ಅಕ್ಕ ಕ್ಷೇಮ.

ಗಿರಣಿಯ ಹಿಂದೆ ಒಂದು ಕಲ್ಲು ಸಿಕ್ಕಿದೆ. ಅದರ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ತಮ್ಮ ಸಾಲು ಸದ್ಯಕ್ಕೆ ಕೂಡಿಬರುತ್ತಿಲ್ಲ. ಅಯೋವಾದಿಂದ ದಾರಿ ದೂರ, ಆಗಸ್ಟ್‌ನಲ್ಲಿ ರೈಲಿನಲ್ಲಿ ಸೆಕೆಯೂ ಹೆಚ್ಚು. ಈ ವರ್ಷ ಪ್ರಯಾಣದ ಯೋಚನೆ ಇಟ್ಟುಕೊಳ್ಳದಿದ್ದರೆ ತಮಗೇ ಅನುಕೂಲವೇನೋ ಎಂದು ನನ್ನ ಅನಿಸಿಕೆ.

ಇಂತು,
ಇ. ಟಿಲ್ಸನ್


ಕ್ಲೇ ಫೋರ್ಕ್
ಮಾರ್ಚ್ 7, 1954

ಶ್ರೀ ಟಿಲ್ಸನ್ ಅವರಿಗೆ,

ಕುದುರೆಯ ವಿಷಯ ನಿಮಗೆ ತಿಳಿದುಹೋಯಿತೆಂದು ಕಾಣುತ್ತದೆ. ನಾನೇ ಮೊದಲು ಹೇಳಬೇಕಿತ್ತು. ಜಾಬ್ ರಡ್ ಹೆಂಡತಿಯನ್ನು ಕರೆದುಕೊಂಡು ನಾರ್ತ್ ವೇರಿಂಗ್ ಬಿಟ್ಟ ದಿನವೇ ಪಾದ್ರಿಗಳ ಕಂದು ಕುದುರೆಯೂ ಊರು ಬಿಟ್ಟಿತಂತೆ. “ಅದು ತಾನಾಗೇ ಹಿಂದೆ ಬಂತು, ಪಾಪ, ಓಡಿಸಿದರೂ ಹೋಗಲಿಲ್ಲ” ಎಂದು ಅಜ್ಜಿ ಹೇಳುತ್ತಿದ್ದಳು. ಒಹಾಯೋ ತನಕ ತಾನಾಗಿ ಬರುವ ಕುದುರೆಯನ್ನು ನಾನಂತೂ ಕಂಡಿಲ್ಲ. ಅಂಥವರ ಸಾಲನ್ನು ಸೇರಿಸಿಕೊಳ್ಳಲು ನಿಮ್ಮ ಕಡೆಯವರಿಗೆ ಮನಸ್ಸಾಗದಿದ್ದರೆ ಅದರಲ್ಲಿ ತಪ್ಪೇನಿಲ್ಲ.

ಊರಿನವರು ಕೇಳಿದರೆ ಮಂಡಿ ನೋವು ಹೆಚ್ಚಾಗಿದೆ, ಹೋಗುವುದಿಲ್ಲ ಎನ್ನುತ್ತಿದ್ದೇನೆ. ಅದು ಪೂರ್ತಿ ಸುಳ್ಳೂ ಅಲ್ಲ.

ಹಿಮ ಬೀಳುವ ಹೊತ್ತಿನಲ್ಲಿ ನನಗಾಗಿ ಸಮಾಧಿ ಸುತ್ತಿದ್ದೀರಿ. ಅದಕ್ಕೆ ಬರಿಗೈಯಲ್ಲಿ ವಂದನೆ ಹೇಳಬಾರದೆಂದು ಬೇರೆ ಪೆಟ್ಟಿಗೆಯಲ್ಲಿ ನಮ್ಮ ಹಿತ್ತಲ ಸೇಬು ಕಳಿಸಿದ್ದೇನೆ. ಅಜ್ಜಿ ಒಹಾಯೋದಿಂದ ತಂದು ಬೆಳೆಸಿದ ಮರ. ನೋಡಲು ಆಲೂಗೆಡ್ಡೆಯಂತೆ ಒರಟು ಸಿಪ್ಪೆ, ನೆಂಟರಿಗೆ ಕೊಡಲು ಸಂಕೋಚವಾಗುವಂಥದು. ಅಕ್ಟೋಬರ್‌ನಲ್ಲಿ ಕೀಳುವಾಗ ಹಲ್ಲು ಮುರಿಯುವ ಹಾಗಿರುತ್ತದೆ. ನೆಲಮಾಳಿಗೆಯ ಮರಳಿನಲ್ಲಿ ಹೂತಿಟ್ಟು ಮರೆತುಬಿಟ್ಟರೆ ಮಾರ್ಚ್‌ಗೆ ಸಿಹಿಯಾಗುತ್ತದೆ. ಈಗ ಸರಿಯಾದ ಹದದಲ್ಲಿದೆ. ಅಕ್ಕನವರಿಗೂ ಕೊಡಿ.

ನಮಸ್ಕಾರಗಳೊಂದಿಗೆ,
ಆಲ್ಟಾ ಲಿಂಡ್


ನಾರ್ತ್ ವೇರಿಂಗ್
ಮಾರ್ಚ್ 16, 1954

ತಂಗಿ ಆಲ್ಟಾ,

ಯಾವ ಕುದುರೆ?

ನನಗೆ ಕುದುರೆಯ ವಿಷಯ ಏನೂ ಗೊತ್ತಿರಲಿಲ್ಲ. ನಿನ್ನ ಕಾಗದ ಓದಿ ಅಕ್ಕ ನಕ್ಕ ನಗುವಿಗೆ ಕನ್ನಡಕ ಹಿಟ್ಟಿನ ಡಬ್ಬಿಗೆ ಬಿತ್ತು. “ಎರಡು ಗಂಟೆ ಪ್ರವಚನ ಮಾಡೋ ಪಾದ್ರಿ, ಸ್ವಲ್ಪ ನಡೀಲಿ ಬಿಡು” ಎಂದಳು. ನೀನು ಹಾಗೆಲ್ಲ ಯೋಚಿಸಿ ಎರಡು ತಿಂಗಳು ಸಂಕಟಪಟ್ಟೆಯಲ್ಲ, ಅದು ನನ್ನಿಂದ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಕೇಳು.

ಗಿರಣಿಯ ಹಿಂದೆ ನವೆಂಬರ್‌ನಲ್ಲಿ ನನಗೆ ಸಿಕ್ಕಿದ್ದು ನನ್ನ ಮೊಣಕಾಲಷ್ಟೂ ಎತ್ತರವಿಲ್ಲದ ಕಲ್ಲು. ಕನ್ನಡಿ ಹಿಡಿದು ಓದಿದೆ: ಥ್ಯಾಂಕ್‌ಫುಲ್, ನಥಾನ್ ಟಿಲ್ಸನ್ನನ ಮಗಳು, 1764, ನಾಲ್ಕು ವರ್ಷದವಳು. ನಾಲ್ಕು ವರ್ಷಕ್ಕೆ ಹೋದವಳು ಜಾಬ್ ರಡ್‌ನನ್ನು ಮದುವೆಯಾಗುವುದು ಹೇಗೆ? ನಿನ್ನ ಕವಲು ಅಲ್ಲಿಗೇ ನಿಂತಿತು ಎಂದುಕೊಂಡೆ. ನೀನೋ ಎದ್ದು ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದೀಯ. ನಿಜ ಬರೆಯಲು ಕೈ ಬರಲಿಲ್ಲ, ಸುಳ್ಳು ಸಾಲು ಹಾಳೆಯಲ್ಲಿ ಹಾಕಲೂ ಕೈ ಬರಲಿಲ್ಲ. ಅಕ್ಕನಿಗೂ ಹೇಳದೆ, ನಿನಗೆ ಆ ಹಾಳು ಕಾಗದ ಬರೆದೆ. ‘ತಾವು’ ಎಂದರೆ ನೋವು ಕಡಿಮೆಯಾಗಬಹುದೆಂದು ನನ್ನ ತಲೆಗೆ ಯಾಕೆ ಹೊಳೆಯಿತೋ.

ನಿನ್ನೆ ಪೆಟ್ಟಿಗೆ ಬಂತು. ಅಕ್ಕ ಒಂದು ಸೇಬು ಕಚ್ಚಿ ನನ್ನ ಕಡೆ ತಿರುಗಿದಳು. “ನೆಲಮಾಳಿಗೆಗೆ ಯಾವಾಗ ಇಳಿದಿದ್ದೆ? ಮೆಟ್ಟಿಲು ಜಾರುತ್ತೆ ಅಂತ ಹೇಳಿರಲಿಲ್ವ?”

ಇದು ಅಯೋವಾದ್ದು ಎಂದೆ. ನಂಬಲಿಲ್ಲ. ಕೆಳಗಿಳಿದು ನಮ್ಮ ಸೇಬು ತಂದು ಪಕ್ಕದಲ್ಲಿಟ್ಟೆ. ನಮ್ಮ ಬಾವಿಯ ಹತ್ತಿರ ಒಂದೇ ಒಂದು ಮರವಿದೆ. ಹಣ್ಣು ಒರಟು, ಮಾರ್ಚ್ ತನಕ ಕಲ್ಲು. ಟಿಲ್ಸನ್ನರನ್ನು ಬಿಟ್ಟು ಯಾರೂ ಅದನ್ನು ಬಯಸಿದವರಿಲ್ಲ. ಎರಡನ್ನೂ ತಿರುಗಿಸಿ ಇಟ್ಟರೆ ಯಾವುದು ಯಾರದೆಂದು ನನಗೇ ತಿಳಿಯಲಿಲ್ಲ. ಸೇಬಿನ ಬೀಜ ಹಾಕಿದರೆ ತಾಯಿಯಂಥ ಹಣ್ಣು ಬರುವುದಿಲ್ಲ, ಕಡ್ಡಿ ಒಯ್ದು ಕಸಿ ಕಟ್ಟಬೇಕು. ನಮ್ಮ ಬಾವಿಕಟ್ಟೆಯಿಂದ ಯಾರೋ ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ದೂರ ಒಯ್ದಿದ್ದಾರೆ. ಈ ಹಣ್ಣಿನ ಗುಟ್ಟು ಬಲ್ಲವರು ಮಾತ್ರ ಒಯ್ಯುವಂಥದು.

ಆಗ ಅಕ್ಕನಿಗೆ ಕಲ್ಲಿನ ವಿಷಯ ಹೇಳಿದೆ. ಮರ ಒಂದು ಹೇಳುತ್ತದೆ, ಕಲ್ಲು ಇನ್ನೊಂದು ಹೇಳುತ್ತದೆ, ಏನು ಮಾಡಲಿ ಎಂದೆ. ಅವಳು ಸಿಪ್ಪೆ ಹೆರೆಯುವುದನ್ನು ನಿಲ್ಲಿಸಲಿಲ್ಲ.

“ಆಮೇಲೆ ಹುಟ್ಟಿದವಳಿಗೆ ಅದೇ ಹೆಸರು ಇಟ್ಟಿರ್ತಾರೆ.”

“ಸತ್ತ ಮಗುವಿನ ಹೆಸರನ್ನ ಇನ್ನೊಂದು ಮಗುವಿಗೆ ಯಾರಕ್ಕ ಇಡ್ತಾರೆ?”

“ನನಗಿಟ್ಟಿಲ್ವ?” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಚಾಕು ಕೆಳಗಿಟ್ಟಳು. “ನಾನು ಎರಡನೇ ಲೊವೀನಾ ಕಣೋ. ಅಪ್ಪ ಅಮ್ಮ ವೆಸ್ಟ್ ಬ್ರ್ಯಾಂಟ್‌ನಲ್ಲಿದ್ದಾಗ ಮೊದಲನೆಯವಳು ಹುಟ್ಟಿದ್ಲು. ಎರಡು ವರ್ಷ ಇದ್ಲು. ಅಮ್ಮ ನನ್ನ ಕೂಗೋವಾಗ ಒಂದೊಂದು ಸಲ ನನ್ನ ಬೆನ್ನ ಹಿಂದೆ ನೋಡೋಳು, ಇನ್ನೂ ಯಾರೋ ಬರಬೇಕು ಅನ್ನೋ ಹಾಗೆ. ನೀನು ಆಗಿನ್ನೂ ಹುಟ್ಟಿರಲಿಲ್ಲ. ಆಮೇಲೂ ಕೇಳಲಿಲ್ಲ.”

ಆಲ್ಟಾ, ಮೂರು ಚಳಿಗಾಲ ನಾನು ಮೂಲಪುರುಷನಿಂದ ಕೆಳಕ್ಕೆ ಬರುತ್ತಿದ್ದೇನೆ. ನಮ್ಮ ಮನೆಯದು ಗೊತ್ತಿರುವುದೇ, ಕೊನೆಗೆ ಬರೆದರಾಯಿತು ಎಂದು ಅಪ್ಪ ಅಮ್ಮನ ಸಾಲನ್ನು ಮುಟ್ಟಿರಲಿಲ್ಲ. ನನ್ನ ಎದುರಿಗೇ ಕೂತು ಊಟ ಮಾಡುವವಳನ್ನು ಒಂದು ಮಾತು ಕೇಳಿರಲಿಲ್ಲ.

ರಾತ್ರಿಯ ಊಟವನ್ನೂ ಬಿಟ್ಟು ಹಾಳೆಯ ಮೇಲೆ ಬಗ್ಗಿದೆ. ಚರ್ಚಿನಲ್ಲಿ ದೀಕ್ಷಾಸ್ನಾನವಾದ ಮಕ್ಕಳ ಹೆಸರುಗಳನ್ನು ಹಿಂದೆಯೇ ನಕಲು ಮಾಡಿಟ್ಟಿದ್ದೆ. 1766ರಲ್ಲಿ, ‘ಥ್ಯಾಂಕ್‌ಫುಲ್, ನಥಾನ್ ಟಿಲ್ಸನ್ನನ ಮಗಳು.’ ಅದರ ಮೇಲೆ ನನ್ನದೇ ಪೆನ್ಸಿಲಿನ ಗೀಟು. ಎರಡು ವರ್ಷದ ಹಿಂದೆ ಸತ್ತ ಮಗುವಿಗೆ ದೀಕ್ಷೆ ಹೇಗಾದೀತು, ಅಂದಿನ ಪಾದ್ರಿ ವರ್ಷ ತಪ್ಪಿ ಬರೆದಿದ್ದಾನೆ ಎಂದು ನವೆಂಬರ್‌ನಲ್ಲಿ ನಾನೇ ಅವನನ್ನು ತಿದ್ದಿದ್ದೆ. 1787ರ ಮದುವೆ ದಾಖಲೆಯಲ್ಲಿ ಜಾಬ್ ರಡ್‌ನ ಕೈಹಿಡಿದ ಥ್ಯಾಂಕ್‌ಫುಲ್ ಬೇರೆ ಊರಿನವಳೆಂದು ಅವಳನ್ನೂ ಆಚೆ ಇಟ್ಟಿದ್ದೆ.

ಗೀಟು ಅಳಿಸಿದೆ. ನಿನ್ನ ಸಾಲನ್ನು ಶಾಯಿಯಲ್ಲಿ ಬರೆದೆ. ಊಟದ ಮೇಜಿನ ಕಾಲಿನ ಹತ್ತಿರ ಇದ್ದೀಯ ಈಗ, ಒಳ್ಳೆಯ ಬೆಳಕು ಬೀಳುತ್ತದೆ. ಆಗಸ್ಟ್‌ಗೆ ಬರಲೇಬೇಕು. ಬರುವುದಿಲ್ಲವೆಂದರೆ ನಾನೇ ಅಯೋವಾಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ, ರೈಲು ಹತ್ತಿ ಗೊತ್ತಿಲ್ಲದಿದ್ದರೂ.

ನಿನ್ನ ಅಣ್ಣ,
ಎಬೆನ್


ಕ್ಲೇ ಫೋರ್ಕ್
ಏಪ್ರಿಲ್ 2, 1954

ಅಣ್ಣ,

ನಿಮ್ಮ ಕಾಗದ ಬೋರ್ಡಿನ ಮುಂದೆ ಕೂತಿದ್ದಾಗ ಬಂತು. ಓದುತ್ತಾ ಎರಡು ಕರೆಗಳನ್ನು ಅದಲು ಬದಲು ಚುಚ್ಚಿದೆ. ಹಂದಿ ಮಾರಬೇಕಾದವನು ಪಾದ್ರಿಗಳ ಹೆಂಡತಿಯ ಹತ್ತಿರ ಬೆಲೆ ಮಾತಾಡುತ್ತಿದ್ದ. ಯಾರೂ ಬೈಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ದಿನಸಿ ಅಂಗಡಿಯ ಮುದುಕ, “ಅಂತೂ ಕುದುರೆ ಕಳ್ಳರ ಮನೆ ಅಂತ ಖಾತ್ರಿಯಾಯ್ತು ಅನ್ನಿ” ಎಂದ. ಹೌದಪ್ಪ, ಇಂಗ್ಲೆಂಡಿನಿಂದ ಬಂದ ಕುದುರೆ ಕಳ್ಳರು ಎಂದೆ.

ನಾನೂ ಒಂದು ವಿಷಯ ಬಚ್ಚಿಟ್ಟಿದ್ದೆ. ನಿಮ್ಮ ಮೊದಲ ಕಾಗದ ಬಂದ ವಾರವೇ ಹೊಸ ಲಂಗ ಹೊಲಿಸಿದ್ದೆ, ನೀಲಿ ಬಣ್ಣದ್ದು. ಜನವರಿಯಲ್ಲಿ ಅದನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದೆ. ಇಂದು ತೆಗೆದು ಬಿಸಿಲಿಗೆ ಹರವಿದ್ದೇನೆ.

ಒಂದು ಮಾತು ಕೇಳಲೇ? ಆ ನಾಲ್ಕು ವರ್ಷದವಳನ್ನೂ ಆಗಸ್ಟ್‌ನಲ್ಲಿ ಓದುತ್ತೀರಲ್ಲವೇ? ನನ್ನ ಅಜ್ಜಿ ನನ್ನ ಜಡೆ ಜಗ್ಗಿ ಕಲಿಸಿದ ಹೆಸರು ಮೊದಲು ಅವಳದು. ಅವಳಿಂದ ಬಂದ ಹೆಸರಿನಲ್ಲೇ ನಾವು ಇಲ್ಲಿಯ ತನಕ ಬಂದಿದ್ದೇವೆ.

ನಿಮ್ಮ ತಂಗಿ,
ಆಲ್ಟಾ


ನಾರ್ತ್ ವೇರಿಂಗ್
ಜುಲೈ 18, 1954

ತಂಗಿ ಆಲ್ಟಾ,

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರೈಲು ಇಳಿದು ಅಲ್ಲೇ ನಿಂತಿರು. ನಾನು ಲಾರಿ ತರುತ್ತೇನೆ, ಹಾಲಿನ ವಾಸನೆ ಇನ್ನೂ ಇದೆ, ಅಡ್ಜಸ್ಟ್ ಮಾಡಿಕೊ. ಅಕ್ಕ ನಿನಗಾಗಿ ಹಾಸಿಗೆಯನ್ನು ಮೂರು ಸಲ ಬಿಸಿಲಿಗೆ ಹಾಕಿ ಆಯಿತು. ಬೀನ್ಸ್ ಕಾಳು ಬೇಯಿಸುವ ಮಡಕೆ ಯಾವುದೆಂಬ ಬಗ್ಗೆ ನಮ್ಮಿಬ್ಬರಿಗೂ ಜಗಳವಾಗಿದೆ. ನೀನು ಬಂದು ತೀರ್ಮಾನಿಸಬೇಕು.

ನೀನು ಕೇಳಿದ ಮಾತನ್ನು ಕೂಟದ ಹಿರಿಯರ ಮುಂದೆ ಇಟ್ಟೆ. ಮಕ್ಕಳಿಲ್ಲದೆ ಹೋದವರ ಹೆಸರನ್ನು ಎಂದೂ ಓದಿಲ್ಲ, ಓದಿದರೆ ಏಳಲು ಯಾರಿರುತ್ತಾರೆ, ಸುಮ್ಮನೆ ಬಿಕೋ ಎನ್ನುತ್ತದೆ ಎಂದರು. ಅವರ ಮಾತೂ ಸರಿಯೇ. ಗಂಡಸರು ಇಷ್ಟೆಲ್ಲ ವಾದ ಮಾಡುವಾಗ ಅಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದಳು, ಒಂದು ಮಾತೂ ಆಡಲಿಲ್ಲ. ಅವಳು ಮಾತಾಡದಿದ್ದರೆ ನನಗೆ ಭಯ.

ಹಾಳೆ ನನ್ನ ಕೈಯಲ್ಲಿರುತ್ತದೆ. ನೋಡೋಣ.

ಎಬೆನ್


ಕ್ಲೇ ಫೋರ್ಕ್
ಸೆಪ್ಟೆಂಬರ್ 5, 1954

ಅಣ್ಣ,

ಸುಖವಾಗಿ ತಲುಪಿದೆ. ಅಕ್ಕ ಕಟ್ಟಿಕೊಟ್ಟ ಬುತ್ತಿ ಶಿಕಾಗೋ ದಾಟಿದರೂ ಮುಗಿಯಲಿಲ್ಲ, ಪಕ್ಕದ ಸೀಟಿನ ಸಿಪಾಯಿಯೊಬ್ಬ ಸಹಾಯ ಮಾಡಿದ.

ಕೂಟದ ದಿನದಿಂದ ನಿಮಗೊಂದು ವಿಷಯ ಹೇಳಬೇಕೆಂದು ಕಾಯುತ್ತಿದ್ದೇನೆ. ಅಕ್ಕ ಪಕ್ಕದಲ್ಲೇ ಇರುತ್ತಿದ್ದರಿಂದ ಹೇಳಲಾಗಲಿಲ್ಲ. ಓದುವಾಗ ನೀವು ಹಾಳೆಯಿಂದ ತಲೆಯನ್ನೇ ಎತ್ತಲಿಲ್ಲ. ಅಕ್ಷರ ಕಾಣುತ್ತಿರಲಿಲ್ಲವೋ, ನಮ್ಮ ಮುಖ ನೋಡಲು ಅಳುಕೋ ತಿಳಿಯದು. ನೀವು ಕಾಣದ್ದನ್ನು ನಾನು ಹೇಳುತ್ತೇನೆ.

ನಥಾನನ ಮನೆಗೆ ಬಂದಿರಿ. “ಥ್ಯಾಂಕ್‌ಫುಲ್, ಮೊದಲನೆಯವಳು, ನಾಲ್ಕು ವರ್ಷ” ಎಂದು ಓದಿ ಸುಮ್ಮನಾದಿರಿ. ಹಿರಿಯರು ಹೇಳಿದ ಹಾಗೆಯೇ ಆಯಿತು. ಯಾರೂ ಏಳಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೇಳಿದವಳು ನಾನು, ತಪ್ಪು ಮಾಡಿದೆನೆಂದು ನೆಲ ನೋಡುತ್ತಾ ಕೂತೆ. ಆಗ ಅಕ್ಕ ತಮ್ಮ ತಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟು, ಮುಂದಿನ ಬೆಂಚು ಹಿಡಿದು, ಎದ್ದು ನಿಂತರು. ಎಂಬತ್ತರ ಹತ್ತಿರದ ಹೆಂಗಸು, ನಾಲ್ಕು ವರ್ಷದವಳ ಪರವಾಗಿ. ಯಾರೂ ನಗಲಿಲ್ಲ.

ಆಮೇಲೆ ನೀವು, “ಥ್ಯಾಂಕ್‌ಫುಲ್, ಎರಡನೆಯವಳು, ಜಾಬ್ ರಡ್‌ನ ಹೆಂಡತಿ” ಎಂದಿರಿ. ಅಷ್ಟು ದೊಡ್ಡ ಗುಂಪಿನಲ್ಲಿ ನನ್ನ ಕವಲಿಗೆ ನಾನೊಬ್ಬಳೇ ಏಳಬೇಕಲ್ಲ ಎಂದು ದಾರಿಯುದ್ದಕ್ಕೂ ಹೆದರಿಕೊಂಡೇ ಬಂದಿದ್ದೆ. ತಟ್ಟೆ ಹಿಡಿದುಕೊಂಡೇ ಎದ್ದೆ. ಅಕ್ಕ ಇನ್ನೂ ಕೂತಿರಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡರು. ನೀವು ಮುಂದಿನ ಹೆಸರಿಗೆ ಹೋಗುವ ತನಕ ಇಬ್ಬರೂ ನಿಂತೇ ಇದ್ದೆವು. ಮಂಡಿ ನೋಯಲಿಲ್ಲ.

ನಿಮ್ಮ ತಂಗಿ,
ಆಲ್ಟಾ


ನಾರ್ತ್ ವೇರಿಂಗ್
ಸೆಪ್ಟೆಂಬರ್ 19, 1954

ತಂಗಿ ಆಲ್ಟಾ,

ನಿನ್ನ ಕಾಗದವನ್ನು ಅಕ್ಕನಿಗೆ ಓದಿ ಹೇಳಿದೆ. “ಬೆಂಚು ಒದ್ದೆಯಾಗಿತ್ತು, ಅದಕ್ಕೆದ್ದೆ” ಎಂದಳು. ಆ ವಾರ ಒಂದು ಹನಿ ಮಳೆ ಬಿದ್ದಿರಲಿಲ್ಲ.

ನಿನ್ನೆ ಬೆಳಿಗ್ಗೆ ತಾನಾಗಿಯೇ ಟೋಪಿ ಹಾಕಿಕೊಂಡು ಬಂದು ಲಾರಿಯಲ್ಲಿ ಕೂತಳು. ವೆಸ್ಟ್ ಬ್ರ್ಯಾಂಟ್‌ಗೆ ಹೋದೆವು. ಹಳೆಯ ಸಮಾಧಿಗಳಲ್ಲಿ ಅರ್ಧ ದಿನ ಹುಡುಕಿದ ಮೇಲೆ ಬೇಲಿಯ ಪಕ್ಕ ಸಿಕ್ಕಿತು. ‘ಲೊವೀನಾ ಟಿಲ್ಸನ್’ ಎಂದು ತನ್ನದೇ ಹೆಸರನ್ನು ಕಲ್ಲಿನ ಮೇಲೆ ಓದಿಕೊಂಡು ಅಕ್ಕ ಅಕ್ಷರಗಳ ಮೇಲೆ ಬೆರಳಾಡಿಸಿದಳು. ನಾನು ಹತ್ತಿರ ಹೋದರೆ, “ಚೆನ್ನಾಗಿ ಕೆತ್ತಿದಾನೆ. ನನ್ನ ಕಲ್ಲಿಗೂ ಇವನೇ ಆಗಬಹುದಿತ್ತು, ಏನ್ ಮಾಡೋದು, ನಾನು ಹೋಗೋ ತನಕ ಅವನು ಕಾಯಲಿಲ್ಲ” ಎಂದಳು. ಆಮೇಲೆ ಕಲ್ಲಿನ ಬುಡದ ಹುಲ್ಲನ್ನು ಕೈಯಲ್ಲೇ ಕಿತ್ತಳು, ನನಗೆ ಮುಟ್ಟಲು ಬಿಡಲಿಲ್ಲ.

ಬರುವಾಗ ದಾರಿಯುದ್ದಕ್ಕೂ ಅಮ್ಮನ ಕಥೆ. ಅಮ್ಮ ಹುಡುಗಿಯಾಗಿದ್ದಾಗ ಗಿರಣಿಯ ಚಕ್ರ ನಿಲ್ಲಿಸಿದ್ದು, ಅಪ್ಪ ಮದುವೆ ಕೇಳಲು ಬಂದವನು ತಪ್ಪು ಮನೆಗೆ ಹೋಗಿ ಊಟ ಮಾಡಿ ಬಂದದ್ದು. ಒಂದನ್ನೂ ನಾನು ಕೇಳಿರಲಿಲ್ಲ. ಮರೆಯುವ ಮುಂಚೆ ಬರೆದುಕೊಳ್ಳೋಣವೆಂದು ಸೇತುವೆಯ ಹತ್ತಿರ ಲಾರಿ ನಿಲ್ಲಿಸಿ ಪೆನ್ಸಿಲ್‌ಗಾಗಿ ಜೇಬು ತಡಕಿದೆ.

“ಗಾಡಿ ಬಿಡು,” ಎಂದಳು ಅಕ್ಕ. “ಹೊಟ್ಟೆ ಹಸೀತಿದೆ. ನಾನಿನ್ನೂ ಎಲ್ಲೂ ಹೋಗಲ್ಲ.”

ನಿನ್ನ ಅಣ್ಣ,
ಎಬೆನ್